ಮೊದಲು ಹೆಸರು ಬರೆಸಿ, ಆಮೇಲೆ ನೀರು ನೋಡಿ: ಕರ್ನಲ್‌ನ ಇವೆಂಟ್ ನೋಟಿಫಿಕೇಷನ್ ಕೋಡ್ ಸಂಭಾಳಿಸುವುದು ಹೇಗೆ

ನಮ್ಮ ದೊಡ್ಡಪ್ಪನ ಗದ್ದೆ ಮಲೇಬೆನ್ನೂರು ಕಡೆ, ಭದ್ರಾ ಚಾನಲ್‌ನ ಕೊನೆ ಭಾಗದಲ್ಲಿದೆ. ಕೊನೆ ಭಾಗ ಅಂದರೆ ಗೊತ್ತಲ್ವಾ, ಲಕ್ಕವಳ್ಳಿ ಡ್ಯಾಂನಿಂದ ನೀರು ಬಿಟ್ಟ ಮೇಲೆ ಮೇಲಿನವರ ಗದ್ದೆಗಳೆಲ್ಲ ಕುಡಿದು ಮಿಕ್ಕಿದ್ದು ಇಲ್ಲಿಗೆ ಬರಬೇಕು, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳಲಾರರು. ಒಂದು ರಾತ್ರಿ 11ಕ್ಕೆ ದೊಡ್ಡಪ್ಪ ತೂಬಿನ ಹತ್ತಿರ ಹೋಗಿ ಬ್ಯಾಟರಿ ಬಿಟ್ಟು ನೋಡಿದರು. ನೀರಿಲ್ಲ. ಫೋನು ಮನೆಯಲ್ಲಿ ಚಾರ್ಜಿಗೆ ಇತ್ತು. ನಡೆದು ಮನೆಗೆ ಬಂದು ನೀರುಗಂಟಿಗೆ ವಾಟ್ಸಾಪ್‌ನಲ್ಲಿ, "ತಮ್ಮಾ, ನೀರು ಬಂದ್ರೆ ನಂಗೂ ಒಂದು ಫೋನ್ ಹೊಡಿಯಪ್ಪಾ" ಎಂದು ವಾಯ್ಸ್ ಮೆಸೇಜ್ ಕಳಿಸಿ ಮಲಗಿದರು. ಬೆಳಗ್ಗೆ ನೋಡಿದರೆ ನೀರು ಬಂದು ಹೋಗಿತ್ತು. ದೊಡ್ಡಪ್ಪ ತೂಬಿನಿಂದ ಮನೆ ಮುಟ್ಟುವ ಇಪ್ಪತ್ತು ನಿಮಿಷದಲ್ಲೇ ನೀರು ಬಂದಿದೆ, ನೀರುಗಂಟಿ ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡಿ ಮುಗಿಸಿ, ಫೋನು ಜೇಬಿಗೆ ಹಾಕಿಕೊಂಡು ಮುಂದಿನ ತೂಬಿಗೆ ಹೋಗಿದ್ದಾನೆ. ಅವನ ತಪ್ಪೇನೂ ಇಲ್ಲ. ಅವನು ಕರೆದಾಗ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರೇ ಇರಲಿಲ್ಲ.

ದೊಡ್ಡಪ್ಪ ಈ ಕಥೆ ಹೇಳುವಾಗ ನನ್ನ ಲ್ಯಾಪ್‌ಟಾಪಿನಲ್ಲಿ ಇದೇ ತಪ್ಪು ಕೂತಿತ್ತು. ನಾನು ದಾವಣಗೆರೆಯಲ್ಲೇ ಇದ್ದುಕೊಂಡು ಲಿನಕ್ಸ್ ಡ್ರೈವರ್, ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಕೋಡು, ಬರೆಯುವ ಕೆಲಸ ಮಾಡುತ್ತೇನೆ. ಪಂಪ್‌ಸೆಟ್‌ನ ಸ್ಟಾರ್ಟರ್ ಮೇಲೆ ಕಣ್ಣಿಡುವ ಒಂದು ಸಣ್ಣ ಬೋರ್ಡು, ನಾಲ್ಕು ಕೋರಿನದು. ಅದರ ಡ್ರೈವರ್ ಎರಡು ಮೂರು ದಿನಕ್ಕೊಮ್ಮೆ ಒಂದೇ ಒಂದು ಇವೆಂಟ್ ನುಂಗಿಬಿಡುತ್ತಿತ್ತು. ಡೇಟಾ ಬಂದಿರುತ್ತದೆ, ಓದಬೇಕಾದ ಪ್ರೊಸೆಸ್ ಮಲಗೇ ಇರುತ್ತದೆ. ಮುಂದಿನ ಇವೆಂಟ್ ಬಂದಾಗ ಎರಡೂ ಒಟ್ಟಿಗೆ ಕಾಣಿಸುತ್ತವೆ, ಹಾಗಾಗಿ ಲಾಗ್ ನೋಡಿದರೆ ಏನೂ ಕಳೆದಿಲ್ಲ ಎನ್ನುವಂತೆಯೇ ಇರುತ್ತದೆ.

ಈ ಬರಹ ಅಂಥ ಕೋಡನ್ನು, ಅಂದರೆ ಡೇಟಾ ಬಂದಾಗ ಕಾಯುವ ಪ್ರೋಗ್ರಾಂಗಳಿಗೆ ಸುದ್ದಿ ಮುಟ್ಟಿಸುವ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಕೋಡನ್ನು, ಓದಲು, ತಿದ್ದಲು, ವೇಗ ಮಾಡಲು ಹೊರಟವರಿಗೆ. ಭಾನುವಾರ ನನ್ನ ಹತ್ತಿರ ಕಲಿಯಲು ಬರುವ ಎಂಜಿನಿಯರಿಂಗ್ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲದರ ಹಿಂದೆ ಇರುವುದು ಒಂದೇ ಮಾತು. ಈ ಕೋಡಿನಲ್ಲಿ ದುಬಾರಿಯಾದ ಕೆಲಸ, ಕಾಯುತ್ತಾ ಮಲಗಿದ ಪ್ರೊಸೆಸ್‌ಗಳನ್ನು ಎಬ್ಬಿಸುವುದು. ಎಬ್ಬಿಸಬೇಕಾದವರನ್ನು ಬಿಟ್ಟರೆ ಬಗ್, ಬೇಡದವರನ್ನು ಎಬ್ಬಿಸಿದರೆ ನಿಧಾನ.

ಕೋಡ್ ಎಲ್ಲಿದೆ, ಹೇಗೆ ಓದಬೇಕು

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1983ರಲ್ಲಿ 4.2 ಬಿಎಸ್‌ಡಿ ಜೊತೆ, ಯಾವ ಫೈಲಿನಲ್ಲಿ ಡೇಟಾ ಬಂದಿದೆ ಎಂದು ಕರ್ನಲನ್ನು ಕೇಳುವ ಸೆಲೆಕ್ಟ್ ಬಂತು. ಪ್ರತಿ ಸಲವೂ ಪ್ರೋಗ್ರಾಂ ಪೂರ್ತಿ ಪಟ್ಟಿಯನ್ನು ಕರ್ನಲ್ ಕೈಗೆ ಕೊಡಬೇಕು, ಕರ್ನಲ್ ಒಂದೊಂದೇ ಫೈಲನ್ನು ಕೇಳಿಕೊಂಡು ಬರಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1024 (ತೆರೆದ ಫೈಲಿಗೆ ಕೊಡುವ ನಂಬರ್‌ಗಳಾದ) ಫೈಲ್ ಡಿಸ್ಕ್ರಿಪ್ಟರ್‌ಗಳ ಮಿತಿ ಬೇರೆ. ಕನೆಕ್ಷನ್‌ಗಳು ಸಾವಿರಗಟ್ಟಲೆ ಆದಾಗ ಇದು ನಡೆಯಲಿಲ್ಲ. 2000ದಲ್ಲಿ ಫ್ರೀಬಿಎಸ್‌ಡಿ 4.1ಕ್ಕೆ ಜೊನಾಥನ್ ಲೆಮನ್ ಕೆಕ್ಯೂ ತಂದರು, 2002ರಲ್ಲಿ ಲಿನಕ್ಸ್‌ನ 2.5 ಸರಣಿಗೆ ಡೇವಿಡೆ ಲಿಬೆಂಜಿ ಈಪೋಲ್ ಸೇರಿಸಿದರು. ಎರಡರ ಉಪಾಯವೂ ನೀರುಗಂಟಿಯ ಪುಸ್ತಕವೇ. ಹೆಸರು ಒಂದು ಸಲ ಬರೆಸಿ, ನೀರು ಬಂದವರ ಹೆಸರು ಮಾತ್ರ ವಾಪಸ್ ಪಡೆಯಿರಿ.

ಲಿನಕ್ಸ್‌ನವರು ತೆರೆಯಬೇಕಾದ ಫೈಲು ಎಫ್ಎಸ್ ಫೋಲ್ಡರಿನ ಈವೆಂಟ್‌ಪೋಲ್.ಸಿ. ಮೊದಲ ಸಾಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ. ಮೇಲ್ಗಡೆ ಲಾಕ್‌ಗಳ ಬಗ್ಗೆ ಒಂದು ಉದ್ದದ ಕಾಮೆಂಟ್ ಇದೆ, ಅದನ್ನು ಮೂರು ಸಲ ಓದಿ, ಒಂದು ಹಾಳೆ ಮೇಲೆ ಚಿತ್ರ ಬರೆದುಕೊಳ್ಳಿ. ಲಾಕ್‌ಗಳು ಮೂರು ಹಂತದಲ್ಲಿವೆ. ಮ್ಯೂಟೆಕ್ಸ್ ಅಂದರೆ ಸಿಗದಿದ್ದರೆ ಮಲಗಿ ಕಾಯುವ ಲಾಕ್, ಸ್ಪಿನ್‌ಲಾಕ್ ಅಂದರೆ ಮಲಗದೆ ಸುತ್ತುತ್ತಾ ಕಾಯುವ ಲಾಕ್. ಹೊರಗೆ ಇಡೀ ಸಿಸ್ಟಮ್‌ಗೆ ಒಂದೇ ಮ್ಯೂಟೆಕ್ಸ್, ಒಂದು ಈಪೋಲ್ ಒಳಗೆ ಇನ್ನೊಂದು ಈಪೋಲ್ ಸೇರಿಸುವಾಗ ಅವು ಸುತ್ತು ಹಾಕಿಕೊಳ್ಳದಂತೆ ನೋಡಲು. ನಡುವೆ ಪ್ರತಿ ಈಪೋಲ್‌ಗೂ ಒಂದು ಮ್ಯೂಟೆಕ್ಸ್. ಒಳಗೆ ಪ್ರತಿ ಈಪೋಲ್‌ಗೂ ಒಂದು ಸ್ಪಿನ್‌ಲಾಕ್.

ಒಬ್ಬ ಹುಡುಗ ಕೇಳಿದ, "ಅಣ್ಣಾ, ಒಂದೇ ಈಪೋಲ್‌ಗೆ ಎರಡು ಲಾಕ್ ಯಾಕೆ, ಒಂದು ಸಾಲಲ್ವಾ?" ಕೇಳಬೇಕಾದ ಪ್ರಶ್ನೆಯೇ ಇದು. "ಇವೆಂಟ್ ಬಂತು" ಎಂದು ಹೇಳುವ ಕಾಲ್‌ಬ್ಯಾಕ್ ಫಂಕ್ಷನ್ ಇಂಟರಪ್ಟ್ ಹೊತ್ತಿನಲ್ಲೂ, ಅಂದರೆ ಹಾರ್ಡ್‌ವೇರ್ ನಡುವೆ ಬಂದು ಪ್ರೊಸೆಸರನ್ನು ಕರೆದಾಗಲೂ, ಓಡಬಹುದು. ಅಲ್ಲಿ ನಿದ್ದೆ ಮಾಡುವಂತಿಲ್ಲ, ಹಾಗಾಗಿ ಮ್ಯೂಟೆಕ್ಸ್ ಹಿಡಿಯುವಂತಿಲ್ಲ, ಸ್ಪಿನ್‌ಲಾಕೇ ಬೇಕು. ಆದರೆ ಇವೆಂಟ್‌ಗಳನ್ನು ಪ್ರೋಗ್ರಾಂನ ಮೆಮೊರಿಗೆ ಕಾಪಿ ಮಾಡುವಾಗ ಪೇಜ್ ಫಾಲ್ಟ್ (ಬೇಕಾದ ಪುಟ ಮೆಮೊರಿಯಲ್ಲಿ ಸಿದ್ಧ ಇಲ್ಲದಿರುವುದು) ಆಗಬಹುದು, ಆಗ ನಿದ್ದೆ ಮಾಡಬೇಕಾಗಬಹುದು, ಅಲ್ಲಿ ಸ್ಪಿನ್‌ಲಾಕ್ ಹಿಡಿದು ನಿಲ್ಲುವಂತಿಲ್ಲ. ಒಂದು ಕಡೆ ಮಲಗಬಾರದು, ಇನ್ನೊಂದು ಕಡೆ ಮಲಗಬೇಕಾಗಬಹುದು. ಅದಕ್ಕೇ ಎರಡು.

ಹಾಗಾದರೆ ಕಾಪಿ ನಡೆಯುತ್ತಿರುವಾಗಲೇ ಹೊಸ ಇವೆಂಟ್ ಬಂದರೆ? ಇದು ಈ ಫೈಲಿನಲ್ಲಿ ನನಗೆ ಅತಿ ಇಷ್ಟದ ಜಾಗ. ಕಾಪಿ ಶುರುವಾಗುವಾಗ ಸ್ಪಿನ್‌ಲಾಕ್ ಹಿಡಿದು ಸಿದ್ಧ ಪಟ್ಟಿಯನ್ನು (ಇವೆಂಟ್ ಬಂದವರ ಪಟ್ಟಿ) ಇಡಿಯಾಗಿ ಎತ್ತಿ ಬದಿಗಿಡುತ್ತಾರೆ. "ಈಗಿನಿಂದ ಬರುವವು ಈ ಇನ್ನೊಂದು ಪಟ್ಟಿಗೆ" ಎಂದು ಒಂದು ಓವರ್‌ಫ್ಲೋ ಪಟ್ಟಿ ತೆರೆದು ಲಾಕ್ ಬಿಡುತ್ತಾರೆ. ಎತ್ತಿಟ್ಟ ಪಟ್ಟಿಯನ್ನು ನಿಧಾನಕ್ಕೆ ಕಾಪಿ ಮಾಡಿ, ಕೊನೆಗೆ ಮತ್ತೆ ಲಾಕ್ ಹಿಡಿದು, ಓವರ್‌ಫ್ಲೋನಲ್ಲಿ ಬಿದ್ದವನ್ನು ಸಿದ್ಧ ಪಟ್ಟಿಗೆ ಸುರಿದು ಅದನ್ನು ಮುಚ್ಚುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಒಂದು ಚೀಲ ತುಂಬಿ ಹೊಲಿಯುತ್ತಿರುವಾಗ ಬಾಣಲೆಯಿಂದ ಬರುವುದು ಪಕ್ಕದ ಚೀಲಕ್ಕೆ ಬೀಳುತ್ತದೆ, ಹೊಲಿಯುವವನಿಗಾಗಿ ಬೆಂಕಿ ನಿಲ್ಲಿಸುವುದಿಲ್ಲ. ಇದು ಅರ್ಥವಾದರೆ ಫೈಲಿನ ಅರ್ಧ ಅರ್ಥವಾದಂತೆ.

ಹೆಸರು ಮೊದಲು, ನೋಟ ಆಮೇಲೆ

ನಿಮ್ಮ ಡ್ರೈವರ್‌ನಲ್ಲಿ ಒಂದು ಪೋಲ್ ಫಂಕ್ಷನ್ ಇರುತ್ತದೆ. ಅದರ ಕೆಲಸ ಎರಡೇ. ಪೋಲ್_ವೇಟ್ ಕರೆದು ವೇಟ್ ಕ್ಯೂನಲ್ಲಿ (ಕಾಯುವವರ ಪಟ್ಟಿಯಲ್ಲಿ) ಹೆಸರು ಬರೆಸುವುದು, ಈಗ ಡೇಟಾ ಇದೆಯೇ ನೋಡಿ ಮಾಸ್ಕ್ (ಏನೇನು ಸಿದ್ಧ ಇದೆ ಎಂಬ ಗುರುತು) ವಾಪಸ್ ಕೊಡುವುದು. ಪೋಲ್_ವೇಟ್ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅದು ಕಾಯುವುದೇ ಇಲ್ಲ, ಸುಮ್ನೆ ಹೆಸರು ಬರೆಸಿ ವಾಪಸ್ ಬರುತ್ತದೆ. ಹಾಗಾಗಿ ಹೊಸಬರು "ಡೇಟಾ ಇದ್ದರೆ ಕಾಯುವುದು ಯಾಕೆ" ಎಂದು ಮೊದಲು ಬಫರ್ ನೋಡಿ, ಖಾಲಿ ಇದ್ದರೆ ಮಾತ್ರ ಪೋಲ್_ವೇಟ್ ಕರೆಯುತ್ತಾರೆ. ನಾನು ಸಂಭಾಳಿಸುತ್ತಿದ್ದ ಕೋಡಿನಲ್ಲಿ ಇದ್ದದ್ದು ಇದೇ. ಬಫರ್ ನೋಡಿದ್ದಕ್ಕೂ ಹೆಸರು ಬರೆಸಿದ್ದಕ್ಕೂ ನಡುವೆ ಇಂಟರಪ್ಟ್ ಬಂದರೆ, ಎಬ್ಬಿಸುವವನು ಖಾಲಿ ಪಟ್ಟಿ ನೋಡಿ ಹೋಗಿಬಿಡುತ್ತಾನೆ. ದೊಡ್ಡಪ್ಪ ತೂಬಿನಿಂದ ಮನೆಗೆ ನಡೆದ ಇಪ್ಪತ್ತು ನಿಮಿಷ ಇಲ್ಲಿ ಕೆಲವು ನ್ಯಾನೋಸೆಕೆಂಡ್, ಆದರೆ ದಿನಕ್ಕೆ ಲಕ್ಷಾಂತರ ಸಲ ಓಡುವ ಕೋಡಿನಲ್ಲಿ ಅಷ್ಟು ಸಾಕು.

ಸರಿಪಡಿಸಿದ್ದು ಎರಡು ಸಾಲು ಅದಲು ಬದಲು ಮಾಡಿ. ಯಾವಾಗಲೂ ಮೊದಲು ಪೋಲ್_ವೇಟ್, ಆಮೇಲೆ ಬಫರ್. ಹೆಸರು ಬರೆಸಿದ ಮೇಲೆ ನೋಡಿದರೆ, ನೀರು ಮೊದಲೇ ಬಂದಿದ್ದರೆ ನಿಮ್ಮ ಕಣ್ಣಿಗೆ ಬೀಳುತ್ತದೆ, ಆಮೇಲೆ ಬಂದರೆ ನಿಮಗೆ ಕರೆ ಬರುತ್ತದೆ. ಎರಡೂ ಆದರೆ ಒಂದು ಸಲ ಸುಮ್ನೆ ಎದ್ದಂತಾಗುತ್ತದೆ, ಅದರಿಂದ ನಷ್ಟವಿಲ್ಲ.

ತಿದ್ದುವುದಕ್ಕಿಂತ ಕಷ್ಟವಾಗಿದ್ದು, ಇದೇ ಕಾರಣ ಎಂದು ಖಚಿತ ಮಾಡಿಕೊಳ್ಳುವುದು. ಮೂರು ದಿನಕ್ಕೊಮ್ಮೆ ಬರುವ ಬಗ್‌ಗೆ "ತಿದ್ದಿದ ಮೇಲೆ ಮೂರು ದಿನ ಬರಲಿಲ್ಲ" ಎನ್ನುವುದು ಸಾಕ್ಷಿ ಅಲ್ಲ. ಅದಕ್ಕೆ ನಾನು ಮಾಡಿದ್ದು ಇಷ್ಟು: ಹಳೆಯ ಕೋಡಿನಲ್ಲಿ ಆ ಎರಡು ಸಾಲುಗಳ ನಡುವೆ ಕೆಲವು ಮಿಲಿಸೆಕೆಂಡ್ ಸುತ್ತುವ ಎಂಡಿಲೇ ಹಾಕಿದೆ. ಬಗ್ ನಿಮಿಷದೊಳಗೆ ಬಂತು. ಅದೇ ಡಿಲೇಯನ್ನು ತಿದ್ದಿದ ಕೋಡಿನ ಎರಡು ಸಾಲುಗಳ ನಡುವೆಯೂ ಹಾಕಿ ರಾತ್ರಿಯಿಡೀ ಓಡಿಸಿದೆ, ಬರಲಿಲ್ಲ. ಬಿರುಕನ್ನು ಬೇಕೆಂದೇ ಅಗಲ ಮಾಡಿ ನೋಡುವ ಈ ಅಭ್ಯಾಸ ಇವೆಂಟ್ ಕೋಡಿಗೆ ಕೈ ಹಾಕುವವರಿಗೆಲ್ಲ ಇರಬೇಕು.

ಇದರ ಇನ್ನೊಂದು ರೂಪ ಎಬ್ಬಿಸುವ ಕಡೆ ಇದೆ, ಅದು ಇನ್ನೂ ಸೂಕ್ಷ್ಮ. ಎಬ್ಬಿಸುವವರು ಲಾಕ್ ಖರ್ಚು ಉಳಿಸಲು ಮೊದಲು ವೇಟ್‌ಕ್ಯೂ_ಆಕ್ಟಿವ್ ಎಂದು ಕೇಳುತ್ತಾರೆ. ಯಾರೂ ಮಲಗಿಲ್ಲ ಅಂದರೆ ಎಬ್ಬಿಸುವ ಕೆಲಸವೇ ಇಲ್ಲ. ಉಪಾಯ ಒಳ್ಳೆಯದು. ಆದರೆ ಪ್ರೊಸೆಸರ್ ತನ್ನ ಬರಹವನ್ನು ಸ್ಟೋರ್ ಬಫರ್‌ನಲ್ಲಿ ಇಟ್ಟುಕೊಂಡು ಮುಂದಿನ ಓದನ್ನು ಮೊದಲೇ ಮಾಡಿಬಿಡಬಹುದು. ನೀವು "ಡೇಟಾ ಬಂತು" ಎಂದು ಬರೆದದ್ದು ಬೇರೆ ಕೋರಿಗೆ ಕಾಣುವ ಮೊದಲೇ, "ಯಾರಾದರೂ ಮಲಗಿದ್ದಾರಾ" ಎಂಬ ಓದು ಮುಗಿದಿರುತ್ತದೆ. ಆ ಕಡೆ ಮಲಗುವವನಿಗೂ ಇದೇ ಗತಿ. ಇಬ್ಬರೂ ಹಳೆಯದನ್ನೇ ನೋಡುತ್ತಾರೆ, ಕರೆ ತಪ್ಪುತ್ತದೆ. ಇದು ಆರ್ಮ್ ಬೋರ್ಡ್‌ಗೆ ಮಾತ್ರ ಎಂದುಕೊಳ್ಳಬೇಡಿ, ಎಕ್ಸ್86ನಲ್ಲೂ ಬರಹದ ನಂತರದ ಓದು ಹೀಗೆ ಮುಂದೆ ಜಿಗಿಯುತ್ತದೆ. ಎರಡೂ ಕಡೆ ಪೂರ್ತಿ ಮೆಮೊರಿ ಬ್ಯಾರಿಯರ್, ಅಂದರೆ ಹಿಂದಿನ ಬರಹ ಕಾಣುವ ಮೊದಲು ಮುಂದಿನ ಓದು ಜಿಗಿಯದಂತೆ ತಡೆಯುವ ಆದೇಶ, ಬೇಕು. ಬ್ಯಾರಿಯರ್ ಸಮೇತ ಕೇಳುವ ಡಬ್ಲ್ಯೂಕ್ಯೂ_ಹ್ಯಾಸ್_ಸ್ಲೀಪರ್ ಎಂಬ ಫಂಕ್ಷನ್ ಇದೆ, ಅದನ್ನೇ ಬಳಸಿ. ಮಲಗುವ ಕಡೆಯ ಬ್ಯಾರಿಯರ್ ಪೋಲ್_ವೇಟ್ ಒಳಗೇ ಸೇರಿದ್ದು 2025ರಲ್ಲಿ. ಇಷ್ಟು ವರ್ಷ ಎಲ್ಲರೂ ಓದಿದ ಕೋಡಿನಲ್ಲೂ ಇಂಥದ್ದು ಉಳಿದಿತ್ತು, ಹಾಗಾಗಿ "ಹಳೆಯ ಕೋಡು, ಸರಿಯೇ ಇರುತ್ತದೆ" ಎಂಬ ಧೈರ್ಯ ಬೇಡ.

ಆಯುಷ್ಯದ ಲೆಕ್ಕ

ಹೆಸರು ಬರೆಸಿದ ಪುಸ್ತಕವನ್ನೇ ಯಾರಾದರೂ ಒಲೆಗೆ ಹಾಕಿದರೆ? ಬೈಂಡರ್‌ನಲ್ಲಿ ಆದದ್ದು ಇದು. ಆಂಡ್ರಾಯ್ಡ್‌ನಲ್ಲಿ ಪ್ರೊಸೆಸ್‌ಗಳು ಪರಸ್ಪರ ಮಾತಾಡುವ ಡ್ರೈವರ್ ಬೈಂಡರ್. ಅದರ ವೇಟ್ ಕ್ಯೂ ಒಂದು ಥ್ರೆಡ್ ಸ್ಟ್ರಕ್ಚರಿನ ಒಳಗಿತ್ತು. ಥ್ರೆಡ್ ಹೊರಟಾಗ ಆ ಸ್ಟ್ರಕ್ಚರನ್ನು ಫ್ರೀ ಮಾಡುತ್ತಿದ್ದರು, ಅಂದರೆ ಅದರ ಮೆಮೊರಿ ವಾಪಸ್ ಕೊಡುತ್ತಿದ್ದರು. ಆದರೆ ಫೈಲ್ ಇನ್ನೂ ತೆರೆದೇ ಇದೆ, ಈಪೋಲ್ ಇನ್ನೂ ಆ ಕ್ಯೂ ಹಿಡಿದುಕೊಂಡೇ ಇದೆ. ಆಮೇಲೆ ಈಪೋಲ್ ತನ್ನ ಹೆಸರು ತೆಗೆಯಲು ಹೋದಾಗ ಮುಟ್ಟುವುದು ಫ್ರೀ ಆದ ಮೆಮೊರಿಯನ್ನು. ಸಿವಿಇ-2019-2215 ಎಂಬ ನಂಬರಿನ ಭದ್ರತಾ ದೋಷ ಎಂದರೆ ಇದೇ. ಮುಖ್ಯ ಕರ್ನಲ್‌ನಲ್ಲಿ 2018ರ ಆರಂಭದಲ್ಲೇ ಸರಿಯಾಗಿತ್ತು. ಆದರೆ ತಿದ್ದುಪಡಿ ಎಷ್ಟೋ ಫೋನ್‌ಗಳಿಗೆ ತಲುಪಲಿಲ್ಲ, 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇದನ್ನು ದಾಳಿಗೆ ಬಳಸುತ್ತಿದ್ದಾರೆ ಎಂದು ಬಹಿರಂಗ ಮಾಡಿತು. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಸರಿಯಾದ ಪ್ಯಾಚ್ ಇತ್ತು, ಬೇಕಾದ ಜಾಗಕ್ಕೆ ಹೋಗಲಿಲ್ಲ.

ನಿಮ್ಮ ಡ್ರೈವರ್‌ನಲ್ಲಿ ನೋಡಬೇಕಾದ್ದು ಒಂದೇ. ವೇಟ್ ಕ್ಯೂ ಇರುವ ಸ್ಟ್ರಕ್ಚರ್ ಫೈಲಿಗಿಂತ ಮೊದಲು ಸಾಯಬಹುದೇ? ಯುಎಸ್‌ಬಿ ಕಿತ್ತಾಗ, ಮಾಡ್ಯೂಲ್ ತೆಗೆದಾಗ, ಥ್ರೆಡ್ ಹೊರಟಾಗ ಏನಾಗುತ್ತದೆ ಎಂದು ಒಂದೊಂದೇ ದಾರಿ ನಡೆದು ನೋಡಿ. ಸಾಯಬಹುದು ಅಂದರೆ ಕ್ಯೂವನ್ನು ಫೈಲಿನಷ್ಟೇ ಬಾಳುವ ಜಾಗಕ್ಕೆ ಸರಿಸಿ, ರೆಫರೆನ್ಸ್ ಕೌಂಟ್ (ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಲೆಕ್ಕ) ಇಡಿ. ಸರಿಸಲು ಆಗದೇ ಇದ್ದರೆ ಪೋಲ್‌ಫ್ರೀ ಎಂಬ ವಿಶೇಷ ಕರೆ ಇದೆ, "ನಾನು ಹೋಗುತ್ತಿದ್ದೇನೆ, ಎಲ್ಲರೂ ಕೈ ಬಿಡಿ" ಎಂದು ಹೇಳಿ, ಆರ್‌ಸಿಯು ಅವಧಿ (ಆಗಲೇ ಓದುತ್ತಿರುವವರೆಲ್ಲ ಓದಿ ಮುಗಿಸುವ ಹೊತ್ತು) ಕಾದು ಫ್ರೀ ಮಾಡುವುದು. ಇದು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ.

ಇನ್ನೊಂದು ಗುಂಡಿ ಪ್ರೋಗ್ರಾಂ ಬರೆಯುವವರ ಕಡೆಯದು, ಆದರೂ ದೂರು ಬರುವುದು ಕರ್ನಲ್‌ನವರ ತಲೆಗೆ. ಈಪೋಲ್ ಹೆಸರು ಬರೆದುಕೊಳ್ಳುವುದು ತೆರೆದ ಫೈಲ್ ಮತ್ತು ಅದರ ನಂಬರ್ ಎರಡನ್ನೂ ಸೇರಿಸಿ. ಹಿಡಿಯನ್ನು ನಕಲು ಮಾಡುವ ಡ್ಯೂಪ್ ಅಥವಾ ಪ್ರೊಸೆಸನ್ನೇ ನಕಲು ಮಾಡುವ ಫೋರ್ಕ್‌ನಿಂದ ಅದೇ ಫೈಲಿಗೆ ಇನ್ನೊಂದು ಹಿಡಿ ಇದ್ದರೆ, ಒಂದನ್ನು ಕ್ಲೋಸ್ ಮಾಡಿದರೂ ಇವೆಂಟ್ ಬರುತ್ತಲೇ ಇರುತ್ತದೆ. "ಮುಚ್ಚಿದ ಫೈಲಿನಿಂದ ಇವೆಂಟ್ ಬರುತ್ತಿದೆ" ಎಂಬ ದೂರು ಬಂದರೆ ಮೊದಲು ಇದನ್ನು ಕೇಳಿ.

ವೇಗ ಮಾಡುವುದು

ಅಳೆಯದೆ ಕೈ ಹಾಕಬೇಡಿ. ನಾನು ಮೊದಲು ಎಣಿಸುವುದು ಎರಡು ಸಂಖ್ಯೆ. ಪ್ರೊಸೆಸ್ ಎಷ್ಟು ಸಲ ಎದ್ದಿತು, ಅದರಲ್ಲಿ ಎಷ್ಟು ಸಲ ಕೈಗೆ ನಿಜವಾದ ಕೆಲಸ ಸಿಕ್ಕಿತು. ಈಪಿ_ಪೋಲ್_ಕಾಲ್‌ಬ್ಯಾಕ್ ಮೇಲೆ ಬಿಪಿಎಫ್‌ಟ್ರೇಸ್ ಎಂಬ ಟೂಲ್ ಹಾಕಿ ಎಣಿಸಬಹುದು, ಪರ್ಫ್ ಎಂಬುದು ಕರ್ನಲ್ ಜೊತೆ ಬರುವ ಅಳತೆಯ ಟೂಲ್, ಶೆಡ್ಯೂಲರ್‌ನ ವೇಕಪ್ ಟ್ರೇಸ್‌ಪಾಯಿಂಟ್ ಪರ್ಫ್‌ನಲ್ಲೇ ಸಿಗುತ್ತದೆ. ಲಾಕ್ ಮೇಲೆ ಕಿತ್ತಾಟ ಇದೆಯೇ ಎಂದು ಪರ್ಫ್ ಲಾಕ್ ಕಂಟೆನ್ಷನ್ ಹೇಳುತ್ತದೆ. ಈಪೋಲ್‌ಗೆಂದೇ ಪರ್ಫ್ ಬೆಂಚ್ ಒಳಗೆ ವೇಟ್ ಮತ್ತು ಕಂಟ್ರೋಲ್ ಎಂಬ ಎರಡು ಅಳತೆಗಳಿವೆ. ಎದ್ದಿದ್ದಕ್ಕೂ ಕೆಲಸ ಸಿಕ್ಕಿದ್ದಕ್ಕೂ ದೊಡ್ಡ ಅಂತರ ಇದ್ದರೆ ಅಲ್ಲೇ ಲಾಭ ಇದೆ. ಅಂತರ ಇಲ್ಲದಿದ್ದರೆ ಕಾಲ್‌ಬ್ಯಾಕ್‌ನ ನಾಲ್ಕು ಸಾಲು ಉಜ್ಜಿ ಹೊಳೆಸುವುದರಿಂದ ಜಾಸ್ತಿ ಏನೂ ಸಿಗುವುದಿಲ್ಲ.

ಸುಲಭವಾಗಿ ಕೈಗೆಟುಕುವುದು, ಏನಾಯಿತು ಎಂದು ಹೇಳಿ ಎಬ್ಬಿಸುವುದು. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಂಚಿನ ಮುಂದೆ ನಿಂತವರಿಗೆ ಸುಮ್ನೆ "ದೋಸೆ" ಎಂದು ಕೂಗಿದರೆ ಹತ್ತು ಕೈ ಚಾಚುತ್ತವೆ, "ಓಪನ್ ಎರಡು" ಎಂದರೆ ಬೇಕಾದವರು ಮಾತ್ರ. ಡ್ರೈವರ್‌ನಲ್ಲಿ ಬರೀ ವೇಕ್_ಅಪ್_ಇಂಟರಪ್ಟಿಬಲ್ ಎಂದರೆ ಓದುವವರು, ಬರೆಯುವವರು, ಎಲ್ಲರೂ ಎದ್ದು ನೋಡುತ್ತಾರೆ. ಹೆಸರಿನ ಕೊನೆಗೆ _ಪೋಲ್ ಎಂದು ಸೇರಿಸಿದ ಅದೇ ಫಂಕ್ಷನ್ ಕರೆದು ಈಪೋಲ್‌ಇನ್ ಎಂಬ ಮಾಸ್ಕ್ ಕೊಟ್ಟರೆ, ಬರೆಯಲು ಕಾದು ಕೂತವರ ಕಾಲ್‌ಬ್ಯಾಕ್ ಅಲ್ಲೇ ವಾಪಸ್ ಬರುತ್ತದೆ, ಪ್ರೊಸೆಸ್ ಏಳುವುದೇ ಇಲ್ಲ. ಒಂದು ಸಾಲಿನ ಬದಲಾವಣೆ. ಹಳೆಯ ಡ್ರೈವರ್‌ಗಳಲ್ಲಿ ಇದು ಇನ್ನೂ ಬಾಕಿ ಇರುತ್ತದೆ, ಮೊದಲ ಪ್ಯಾಚ್ ಕಳಿಸುವವರಿಗೆ ಒಳ್ಳೆಯ ಕೆಲಸ.

ನೆಟ್‌ವರ್ಕ್ ಕನೆಕ್ಷನ್ ಬರುವ ಒಂದೇ ಸಾಕೆಟ್ ಮೇಲೆ ಹಲವು ವರ್ಕರ್‌ಗಳು ಬೇರೆ ಬೇರೆ ಈಪೋಲ್ ಇಟ್ಟುಕೊಂಡು ಕೂತಿದ್ದರೆ, ಒಂದು ಕನೆಕ್ಷನ್‌ಗೆ ಎಲ್ಲರೂ ಎದ್ದು, ಒಬ್ಬನಿಗೆ ಸಿಕ್ಕಿ, ಉಳಿದವರು ಮತ್ತೆ ಮಲಗುತ್ತಾರೆ. ಇದಕ್ಕೆ 2016ರ 4.5 ಕರ್ನಲ್‌ನಿಂದ ಈಪೋಲ್‌ಎಕ್ಸ್‌ಕ್ಲೂಸಿವ್ ಇದೆ. ಅದು ಕೊಡುವ ಮಾತು "ಒಬ್ಬನನ್ನಾದರೂ ಎಬ್ಬಿಸುತ್ತೇನೆ" ಎಂದೇ ಹೊರತು "ಒಬ್ಬನನ್ನೇ" ಎಂದಲ್ಲ. ಆ ವ್ಯತ್ಯಾಸ ನೆನಪಿಟ್ಟು ಪ್ರೋಗ್ರಾಂ ಬರೆಯಬೇಕು.

ಇವೆಂಟ್ ಕೂಡಿಸುವುದು ಇನ್ನೊಂದು ದಾರಿ. 2005ರಲ್ಲಿ 2.6.13ಕ್ಕೆ ಬಂದ, ಫೈಲು ಬದಲಾದರೆ ತಿಳಿಸುವ ಐನೋಟಿಫೈ, ಹಿಂದಿನದು ಇನ್ನೂ ಓದದೇ ಇದ್ದಾಗ ಅದೇ ಥರದ್ದು ಮತ್ತೆ ಬಂದರೆ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಕ್ಯೂ ತುಂಬಿದರೆ, ಸಾಮಾನ್ಯವಾಗಿ 16384ಕ್ಕೆ, ಹೊಸದನ್ನು ಬಿಸಾಡಿ "ತುಂಬಿ ಚೆಲ್ಲಿದೆ" ಎಂಬ ಒಂದು ಇವೆಂಟ್ ಇಡುತ್ತದೆ. ನಿಮ್ಮ ಕೋಡಿನಲ್ಲಿ ಮಿತಿ ಇಟ್ಟರೆ ಈ ಎರಡನೆಯದನ್ನು ಮರೆಯಬೇಡಿ. ಕಳೆದದ್ದು ಗೊತ್ತಾದರೆ ಪ್ರೋಗ್ರಾಂ ಮತ್ತೆ ಮೊದಲಿನಿಂದ ನೋಡಿಕೊಳ್ಳುತ್ತದೆ, ಗೊತ್ತಾಗದೇ ಹೋದರೆ ಮಾತ್ರ ಕಷ್ಟ.

ಸೈಜ್ ಕೂಡ ನೋಡಬೇಕು. ಈಪೋಲ್‌ನಲ್ಲಿ ಒಂದು ಹೆಸರಿಗೆ ಈಪಿಐಟಂ ಎಂಬ ಒಂದು ಸ್ಟ್ರಕ್ಚರ್. ಲಕ್ಷಗಟ್ಟಲೆ ಕನೆಕ್ಷನ್ ಇದ್ದರೆ ಲಕ್ಷಗಟ್ಟಲೆ ಈಪಿಐಟಂ. ಅದಕ್ಕೇ 64 ಬಿಟ್‌ನಲ್ಲಿ ಅದು 128 ಬೈಟ್ ದಾಟಿದರೆ ಬಿಲ್ಡ್ ಆಗದಂತೆ ಕೋಡಿನಲ್ಲೇ ತಡೆ ಹಾಕಿದ್ದಾರೆ. ಹೊಸ ಫೀಲ್ಡ್ ಸೇರಿಸುವ ಮೊದಲು ಪಹೋಲ್ ಎಂಬ ಟೂಲ್ ಓಡಿಸಿ, ಸ್ಟ್ರಕ್ಚರಿನಲ್ಲಿ ಖಾಲಿ ಬಿದ್ದ ತೂತುಗಳು ಎಲ್ಲಿವೆ ನೋಡಿ.

ಲಾಕ್ ಬದಲಾಯಿಸುವ ಆಸೆ ಎಲ್ಲರಿಗೂ ಬರುತ್ತದೆ. 2019ರಲ್ಲಿ 5.1 ಕರ್ನಲ್‌ಗೆ ಈಪೋಲ್‌ನ ಒಳಗಿನ ಸ್ಪಿನ್‌ಲಾಕ್ ತೆಗೆದು, ಹಲವರು ಒಟ್ಟಿಗೆ ರೀಡ್‌ಗೆ ಹಿಡಿಯಬಹುದಾದ ರೀಡ್-ರೈಟ್ ಲಾಕ್ ಹಾಕಿದರು. ಹಲವು ಕೋರ್‌ಗಳಿಂದ ಒಂದೇ ಹೊತ್ತಿಗೆ ಇವೆಂಟ್ ಬಂದಾಗ ಕಾಲ್‌ಬ್ಯಾಕ್‌ಗಳು ರೀಡ್ ಲಾಕ್ ಹಿಡಿದು ಒಟ್ಟೊಟ್ಟಿಗೆ ಪಟ್ಟಿಗೆ ಸೇರಿಸಲಿ ಎಂದು. ಬೆಂಚ್‌ಮಾರ್ಕ್ ಚೆನ್ನಾಗಿ ಬಂತು. ಆದರೆ ಜರೂರು ಕೆಲಸ ಹೇಳಿದ ಹೊತ್ತಿಗೆ ಆಗಲೇಬೇಕಾದ ರಿಯಲ್ ಟೈಮ್ ಕರ್ನಲ್‌ನಲ್ಲಿ ತೊಂದರೆ ಕಂಡಿತು. ಕಡಿಮೆ ಆದ್ಯತೆಯ ಒಂದು ಕೆಲಸ ರೀಡ್ ಲಾಕ್ ಹಿಡಿದಿರುವಾಗ ಮಧ್ಯಮ ಆದ್ಯತೆಯದು ಬಂದು ಅದನ್ನು ಬದಿಗೆ ತಳ್ಳಿದರೆ, ಎಲ್ಲಕ್ಕಿಂತ ಜರೂರಾದದ್ದು ಹೊರಗೆ ನಿಂತು ಕಾಯಬೇಕು. 2025ರಲ್ಲಿ ವಾಪಸ್ ಸಾದಾ ಸ್ಪಿನ್‌ಲಾಕ್‌ಗೇ ಬಂದರು. ನೀವು ಲಾಕ್ ಮುಟ್ಟುವುದಾದರೆ ನಿಮ್ಮ ಮಷಿನ್‌ನ ನಂಬರ್ ಮಾತ್ರ ನಂಬಬೇಡಿ, ರಿಯಲ್ ಟೈಮ್ ಸಂರಚನೆಯಲ್ಲೂ ಒಮ್ಮೆ ಓಡಿಸಿ.

ಎಬ್ಬಿಸುವುದನ್ನು ಕಡಿಮೆ ಮಾಡುವಾಗ ಆಗುವ ಎಡವಟ್ಟು

ಪೈಪ್‌ನ ಕಥೆ ಹೇಳಲೇಬೇಕು. ಪೈಪ್ ಅಂದರೆ ಒಂದು ಪ್ರೊಸೆಸ್ ಬರೆದದ್ದನ್ನು ಇನ್ನೊಂದು ಓದುವ ದಾರಿ. 2019ರ ಕೊನೆಗೆ, 5.5 ಕರ್ನಲ್‌ಗಾಗಿ, ಪೈಪ್ ಕೋಡನ್ನು ತಿದ್ದಿದರು. ಪೈಪ್ ಖಾಲಿ ಇದ್ದು ಈಗ ಡೇಟಾ ಬಂದರೆ ಮಾತ್ರ ಓದುವವರನ್ನು ಎಬ್ಬಿಸು, ಮೊದಲೇ ಡೇಟಾ ಇದ್ದರೆ ಅವರಿಗೆ ಹೇಳಿ ಆಗಿದೆ, ಮತ್ತೆ ಎಬ್ಬಿಸುವುದು ಯಾಕೆ? ನ್ಯಾಯವಾದ ಮಾತು, ನಿಯಮದ ಪ್ರಕಾರ ಸರಿ. ಎಡ್ಜ್ ಟ್ರಿಗರ್ (ಹೊಸದು ಬಂದಾಗ ಮಾತ್ರ ಕರೆ) ಬಳಸುವವರು ಪೈಪ್ ಖಾಲಿಯಾಗುವವರೆಗೆ ಓದಬೇಕು ಎಂದು ಮೊದಲಿನಿಂದಲೂ ಬರೆದೇ ಇದೆ. ಆದರೆ ಆಂಡ್ರಾಯ್ಡ್ ಆ್ಯಪ್‌ಗಳು ಬಳಸುತ್ತಿದ್ದ ಒಂದು ಲೈಬ್ರರಿ ಪೈಪನ್ನು ಖಾಲಿ ಮಾಡುತ್ತಲೇ ಇರಲಿಲ್ಲ. ಪ್ರತಿ ಬರಹಕ್ಕೂ ಒಂದು ಕರೆ ಬರುತ್ತದೆ ಎಂದು ನಂಬಿಕೊಂಡಿತ್ತು, ಮತ್ತು ಹಳೆಯ ಕರ್ನಲ್‌ಗಳಲ್ಲಿ ಹಾಗೆಯೇ ಆಗುತ್ತಿತ್ತು. ಹೊಸ ಕರ್ನಲ್ ಬಂದಾಗ ಆ ಆ್ಯಪ್‌ಗಳು ನಿಂತವು.

2021ರಲ್ಲಿ, 5.14ರ ಹೊತ್ತಿಗೆ, ಲಿನಸ್ ಟೊರ್ವಾಲ್ಡ್ಸ್ ಅವರೇ ಅದನ್ನು ಹಿಂದಿನಂತೆ ಮಾಡಿದರು, ಪ್ರತಿ ಬರಹಕ್ಕೂ ಎಬ್ಬಿಸು ಎಂದು. ತಪ್ಪು ಲೈಬ್ರರಿಯದ್ದು, ಆದರೂ ಓಡುತ್ತಿದ್ದ ಪ್ರೋಗ್ರಾಂ ಕರ್ನಲ್‌ನಿಂದ ನಿಲ್ಲಬಾರದು. ಆಗ ಇನ್ನೊಂದು ಕಡೆ ಕಿರಿಕಿರಿ ಶುರುವಾಯಿತು, ಟೆಸ್ಟ್ ರೋಬೋಟ್ ಪೈಪ್ ಬೆಂಚ್‌ಮಾರ್ಕ್ ನಿಧಾನವಾಗಿದೆ ಎಂದು ತೋರಿಸಿತು, ಯಾಕೆಂದರೆ ಈಪೋಲ್ ಬಳಸದ ಸಾದಾ ಪೈಪ್‌ಗಳಲ್ಲೂ ಬೇಡದ ಎಬ್ಬಿಸುವಿಕೆ ಶುರುವಾಗಿತ್ತು. ಕೊನೆಗೆ ಪೈಪ್‌ನಲ್ಲಿ ಒಂದು ಗುರುತು ಇಟ್ಟರು: ಈ ಪೈಪ್ ಮೇಲೆ ಯಾರಾದರೂ ಯಾವಾಗಲಾದರೂ ಪೋಲ್ ಮಾಡಿದ್ದಾರಾ? ಮಾಡಿದ್ದರೆ ಹಳೆಯ ರೀತಿ, ಇಲ್ಲದಿದ್ದರೆ ವೇಗದ ರೀತಿ.

ಈ ಮೂರೂ ಪ್ಯಾಚ್‌ಗಳ ವಿವರಣೆಯನ್ನು ಗಿಟ್ ಲಾಗ್‌ನಲ್ಲಿ ಪೂರ್ತಿ ಓದಿ. ಇವೆಂಟ್ ಕೋಡ್ ಸಂಭಾಳಿಸುವುದು ಎಂದರೆ ಏನು ಎಂದು ನನಗೆ ತಿಳಿದದ್ದು ಅಲ್ಲಿಂದಲೇ. ನೀವು ಯಾವಾಗ ಎಬ್ಬಿಸುತ್ತೀರಿ ಎನ್ನುವುದು ದಾಖಲೆಯಲ್ಲಿ ಇರಲಿ ಬಿಡಲಿ, ಹೊರಗಿನವರು ಅದರ ಮೇಲೆ ಮನೆ ಕಟ್ಟಿಕೊಂಡಿರುತ್ತಾರೆ. ಹಾಗಾಗಿ ವೇಕಪ್ ಕಡಿಮೆ ಮಾಡುವ ಪ್ಯಾಚ್ ಒಂದನ್ನೇ ಬೇರೆ ಕಮಿಟ್ ಆಗಿ ಕಳಿಸಿ. ಹೆಸರು ಬದಲಾಯಿಸುವುದು, ಕಾಮೆಂಟ್ ತಿದ್ದುವುದು ಯಾವುದನ್ನೂ ಅದರ ಜೊತೆ ಬೆರೆಸಬೇಡಿ. ಮುಂದೊಂದು ದಿನ ಯಾರೋ ಬೈಸೆಕ್ಟ್ ಮಾಡುತ್ತಾ, ಅಂದರೆ ಬಗ್ ತಂದ ಕಮಿಟ್ ಹುಡುಕುತ್ತಾ, ನಿಮ್ಮ ಕಮಿಟ್‌ಗೆ ಬಂದು ನಿಂತಾಗ ಅದನ್ನೊಂದೇ ವಾಪಸ್ ತೆಗೆಯಲು ಆಗಬೇಕು. ಬಗ್ ತಿದ್ದಿದ್ದಾದರೆ ಯಾವ ಕಮಿಟ್‌ನಿಂದ ಬಗ್ ಬಂತು ಎಂದು ಫಿಕ್ಸಸ್ ಸಾಲು ಬರೆಯಿರಿ, ಸ್ಟೇಬಲ್ ಮರಕ್ಕೆ ಹೋಗಬೇಕೆಂದು ಹೇಳಿ.

ಓಡಿಸಿ ನೋಡುವುದು

ಇದಕ್ಕೆ ಬೇರೆ ಮಷಿನ್ ಬೇಡ, ನಿಮ್ಮ ಮಷಿನ್ ಒಳಗೇ ಇನ್ನೊಂದನ್ನು ಓಡಿಸುವ ಕ್ಯೂಎಂಯು ಸಾಕು, ಆದರೆ ಕನಿಷ್ಠ ನಾಲ್ಕು ಸಿಪಿಯು ಕೊಡಿ. ಒಂದೇ ಸಿಪಿಯು ಇದ್ದರೆ ಇಲ್ಲಿ ಹೇಳಿದ ಅರ್ಧ ಬಗ್‌ಗಳು ಬರುವುದೇ ಇಲ್ಲ. ಎರಡು ಕರ್ನಲ್ ಕಟ್ಟಿಕೊಳ್ಳಿ. ಒಂದರಲ್ಲಿ ಕೇಸಾನ್, ಫ್ರೀ ಆದ ಮೆಮೊರಿ ಮುಟ್ಟಿದರೆ ಹಿಡಿಯಲು. ಇನ್ನೊಂದರಲ್ಲಿ ಕೆಸಿಸಾನ್, ಡೇಟಾ ರೇಸ್ (ಲಾಕ್ ಇಲ್ಲದೆ ಎರಡು ಕೋರ್ ಒಂದೇ ಡೇಟಾ ಮುಟ್ಟುವುದು) ಹಿಡಿಯಲು. ಎರಡನ್ನೂ ಒಂದೇ ಕರ್ನಲ್‌ಗೆ ಹಾಕಲು ಬಿಡುವುದಿಲ್ಲ. ಎರಡರಲ್ಲೂ ಪ್ರೂವ್ ಲಾಕಿಂಗ್ ಮತ್ತು ಡೀಬಗ್ ಅಟಾಮಿಕ್ ಸ್ಲೀಪ್ ಆನ್ ಇರಲಿ, ಲಾಕ್ ತಿರುವುಮುರುವು ಹಿಡಿದರೆ ಮೊದಲನೆಯದು ಹೇಳುತ್ತದೆ, ಮಲಗಬಾರದ ಕಡೆ ಮಲಗಿದರೆ ಎರಡನೆಯದು. ವೇಗ ಅಳೆಯುವಾಗ ಮಾತ್ರ ಇವೆಲ್ಲ ಇಲ್ಲದ ಮೂರನೇ ಕರ್ನಲ್ ಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಕೇಸಾನ್‌ನ ಭಾರವನ್ನು.

ಈಪೋಲ್ ಮುಟ್ಟಿದ್ದರೆ ಸೆಲ್ಫ್‌ಟೆಸ್ಟ್ಸ್ ಫೋಲ್ಡರಿನಲ್ಲಿ ಈಪೋಲ್ ವೇಕಪ್ ಟೆಸ್ಟ್ ಇದೆ, ಲೆವೆಲ್, ಎಡ್ಜ್, ಈಪೋಲ್ ಒಳಗೆ ಈಪೋಲ್, ಬೇರೆ ಬೇರೆ ಥ್ರೆಡ್ ಎಲ್ಲ ಸೇರಿಸಿ ಹತ್ತಾರು ಸಂದರ್ಭಗಳನ್ನು ಬರೆದಿದ್ದಾರೆ. ಒಂದು ಸಲ ಪಾಸ್ ಆಯಿತು ಎಂದು ನಿಲ್ಲಿಸಬೇಡಿ, ಲೂಪ್‌ನಲ್ಲಿ ಹಾಕಿ ಬೆಳಗಿನವರೆಗೆ ಬಿಡಿ. ನಮ್ಮ ಕಡೆ ಕರೆಂಟ್ ಹೋಗುತ್ತದಲ್ಲ, ಹಾಗಾಗಿ ಔಟ್‌ಪುಟ್ ಟರ್ಮಿನಲ್‌ನಲ್ಲಿ ಮಾತ್ರ ಇರದೆ ಫೈಲಿಗೂ ಬೀಳಲಿ, ಎಷ್ಟನೇ ಸುತ್ತು ಎಂಬ ನಂಬರ್ ಸಮೇತ.

ಇವತ್ತೇ ಶುರು ಮಾಡುವುದಾದರೆ ಹೀಗೆ ಮಾಡಿ. ಡ್ರೈವರ್ಸ್ ಫೋಲ್ಡರಿನಲ್ಲಿ ವೇಟ್‌ಕ್ಯೂ_ಆಕ್ಟಿವ್ ಎಂದು ಗ್ರೆಪ್ ಮಾಡಿ. ಸಿಕ್ಕ ಪ್ರತಿ ಜಾಗದಲ್ಲೂ ಮೇಲಿನ ಹತ್ತು ಸಾಲು ಓದಿ, ಪೂರ್ತಿ ಬ್ಯಾರಿಯರ್ ಇದೆಯೇ, ಇಲ್ಲದಿದ್ದರೆ ಎರಡೂ ಕಡೆಯವರು ಒಂದೇ ಲಾಕ್ ಹಿಡಿದಿದ್ದಾರೆಯೇ, ಯಾಕೆ ಬೇಡ ಎಂದು ಕಾಮೆಂಟ್ ಇದೆಯೇ ನೋಡಿ. ಮೂರೂ ಇಲ್ಲದ ಒಂದು ಜಾಗ ಸಿಕ್ಕರೆ ತಕ್ಷಣ ತಿದ್ದಲು ಹೋಗಬೇಡಿ. ಆ ಕೋಡು ಯಾವ ಕಮಿಟ್‌ನಲ್ಲಿ ಬಂತು ಎಂದು ಗಿಟ್ ಬ್ಲೇಮ್‌ನಲ್ಲಿ ಹುಡುಕಿ, ಬರೆದವರು ಏನು ಯೋಚಿಸಿದ್ದರು ಓದಿ, ಎರಡು ಕೋರಿನ ಓದು-ಬರಹಗಳನ್ನು ಹಾಳೆಯ ಮೇಲೆ ಎರಡು ಸಾಲಾಗಿ ಬರೆದು, ಕರೆ ತಪ್ಪುವ ಒಂದು ಕ್ರಮವನ್ನಾದರೂ ಕಂಡುಹಿಡಿಯಿರಿ. ಆ ಎರಡು ಸಾಲನ್ನೇ ಪ್ಯಾಚ್‌ನ ವಿವರಣೆಯಲ್ಲಿ ಇಟ್ಟು, ಗೆಟ್ ಮೇಂಟೇನರ್ ಸ್ಕ್ರಿಪ್ಟ್ ತೋರಿಸಿದವರಿಗೆ ಕಳಿಸಿ.